ರಿಜಿಸ್ಟರ್‌ನಲ್ಲಿ ಹೆಸರಿದ್ದರಷ್ಟೇ ನರ್ಸ್: ನೋಂದಣಿ ಬಗ್ಗೆ ನೀವು ಕೇಳಿದ ಪ್ರಶ್ನೆಗಳು

ನರ್ಸಿಂಗ್ ಓದುವವರು, ಓದಿ ಮುಗಿಸಿದವರು, ಮಕ್ಕಳನ್ನು ಓದಿಸುತ್ತಿರುವವರು, ಮನೆಯಲ್ಲಿ ಹಿರಿಯರ ಆರೈಕೆಗೆ ನರ್ಸ್ ಹುಡುಕುತ್ತಿರುವವರು ಬರೆದ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಈ ಬಾರಿ ಎತ್ತಿಕೊಂಡಿದ್ದೇವೆ.

ಬಿಎಸ್ಸಿ ನರ್ಸಿಂಗ್ ಮುಗಿಸಿದ್ದೇನೆ. ಒಂದು ಖಾಸಗಿ ಆಸ್ಪತ್ರೆಯವರು ‘ಮೊದಲು ಡ್ಯೂಟಿಗೆ ಬನ್ನಿ, ರಿಜಿಸ್ಟ್ರೇಷನ್ ನಿಧಾನಕ್ಕೆ ಮಾಡಿಸಿಕೊಳ್ಳಿ’ ಅನ್ನುತ್ತಿದ್ದಾರೆ. ಸೇರಬಹುದೇ?
– ಹೊಸ ಪದವೀಧರೆ, ದಾವಣಗೆರೆ

ಸೇರಬೇಡಿ. ಪದವಿ ಕೊಡುವುದು ವಿಶ್ವವಿದ್ಯಾಲಯ. ನರ್ಸ್ ಆಗಿ ಕೆಲಸ ಮಾಡುವ ಹಕ್ಕು ಬರುವುದು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರು ಸೇರಿದ ಮೇಲೆ. ಕರ್ನಾಟಕದಲ್ಲಿ ಈ ಕೆಲಸ ಮಾಡುವುದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ಅದಕ್ಕೆ ಆಧಾರ 1961ರ ನರ್ಸ್, ಸೂಲಗಿತ್ತಿ ಮತ್ತು ಆರೋಗ್ಯ ಸಂದರ್ಶಕರ ಕಾಯ್ದೆ. ದೇಶಕ್ಕೆಲ್ಲ ಪಠ್ಯಕ್ರಮ ಮತ್ತು ಅರ್ಹತೆಯ ಮಟ್ಟ ನಿಗದಿ ಮಾಡುತ್ತ ಬಂದಿರುವುದು 1947ರ ಕಾಯ್ದೆಯ ಭಾರತೀಯ ನರ್ಸಿಂಗ್ ಕೌನ್ಸಿಲ್, ಅಂದರೆ ಎಲ್ಲರೂ ಐಎನ್‌ಸಿ ಎನ್ನುವ ಸಂಸ್ಥೆ. ಐಎನ್‌ಸಿ ಮಟ್ಟ ನಿಗದಿ ಮಾಡುತ್ತದೆ, ರಾಜ್ಯ ಕೌನ್ಸಿಲ್ ಹೆಸರು ಬರೆದುಕೊಳ್ಳುತ್ತದೆ. ಈ ಎರಡನ್ನು ಒಂದೇ ಎಂದುಕೊಂಡು ಬೆಂಗಳೂರಿನಲ್ಲಿ ಆಗುವ ಕೆಲಸಕ್ಕೆ ದೆಹಲಿಗೆ ಪತ್ರ ಬರೆಯುವವರೂ ಇದ್ದಾರೆ.

ನೋಂದಣಿ ಆಗುವ ಮೊದಲೇ ಇಂಜೆಕ್ಷನ್ ಕೊಟ್ಟು ಏನಾದರೂ ಹೆಚ್ಚುಕಡಿಮೆ ಆದರೆ ‘ಆಸ್ಪತ್ರೆಯವರೇ ಬನ್ನಿ ಅಂದರು’ ಎನ್ನುವ ಮಾತು ನಿಮ್ಮನ್ನು ಕಾಯುವುದಿಲ್ಲ. ವಾರ್ಡಿನ ಕೇಸ್ ಶೀಟಿನಲ್ಲಿ ಔಷಧಿ ಕೊಟ್ಟವರ ಸಹಿ ಇರುವುದು ನಿಮ್ಮದು. ಆಸ್ಪತ್ರೆಗೆ ಹಾಗೆ ಹೇಳುವ ಆತುರ ಏಕೆಂದರೆ ನೋಂದಣಿಯಿಲ್ಲದವರಿಗೆ ಕಡಿಮೆ ಸಂಬಳ ಕೊಟ್ಟರೆ ಸಾಕು. ಹೊಸಬರನ್ನು ಹೀಗೆ ದುಡಿಸಿಕೊಳ್ಳುವುದು ಅನ್ಯಾಯ, ರೋಗಿಗೂ ಅಪಾಯ.

ಅರ್ಜಿಗೆ ಸಾಮಾನ್ಯವಾಗಿ ಬೇಕಾಗುವುದು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಕೋರ್ಸಿನ ಎಲ್ಲ ವರ್ಷದ ಅಥವಾ ಸೆಮಿಸ್ಟರಿನ ಅಂಕಪಟ್ಟಿಗಳು, ಪದವಿ ಪ್ರಮಾಣಪತ್ರ ಅಥವಾ ತಾತ್ಕಾಲಿಕ ಪದವಿ ಪ್ರಮಾಣಪತ್ರ, ಕಾಲೇಜಿನ ಕೋರ್ಸ್ ಪೂರ್ಣಗೊಳಿಸಿದ ಪತ್ರ, ಆಧಾರ್ ಮತ್ತು ಫೋಟೋ. ಬಿಎಸ್ಸಿಯವರದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂಕಪಟ್ಟಿ, ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ ಆದವರದು ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯದು.

ಅರ್ಜಿ ನಿಲ್ಲುವುದು ಹೆಚ್ಚಾಗಿ ಹೆಸರಿನ ಇನಿಷಿಯಲ್ ಬಳಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ‘ಲಕ್ಷ್ಮಿ ಬಿ. ಎಚ್.’, ಆಧಾರ್‌ನಲ್ಲಿ ‘ಲಕ್ಷ್ಮೀ ಹನುಮಂತಪ್ಪ’, ಪದವಿಯಲ್ಲಿ ‘ಬಿ. ಎಚ್. ಲಕ್ಷ್ಮಿ’ ಎಂದಿದ್ದರೆ ಕಂಪ್ಯೂಟರ್ ಲೆಕ್ಕದಲ್ಲಿ ಇವರು ಮೂವರು ಬೇರೆ ಬೇರೆ ಹೆಂಗಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಲೇಬೇಕಾದ್ದರಿಂದ ನಾಲ್ಕನೆಯವಳೂ ಹುಟ್ಟಿಕೊಳ್ಳುತ್ತಾಳೆ. ಎಲ್ಲಕ್ಕೂ ಎಸ್ಸೆಸ್ಸೆಲ್ಸಿಯ ಹೆಸರನ್ನೇ ಮೂಲವಾಗಿಟ್ಟುಕೊಂಡು ಮೊದಲು ಆಧಾರ್ ಸರಿಪಡಿಸಿ, ಆಮೇಲೆ ಅರ್ಜಿ ಹಾಕಿ. ರಿಜಿಸ್ಟರ್‌ನಲ್ಲಿ ಒಮ್ಮೆ ತಪ್ಪು ಹೆಸರು ಕೂತರೆ ಅದನ್ನು ತಿದ್ದಿಸಲು ಅಫಿಡವಿಟ್, ಕೆಲವು ಸಲ ಗೆಜೆಟ್ ಪ್ರಕಟಣೆಯವರೆಗೂ ಹೋಗಬೇಕಾಗುತ್ತದೆ. ಮದುವೆಯಾದ ಮೇಲೆ ಹೆಸರು ಬದಲಿಸಿಕೊಳ್ಳುವವರು ಕೌನ್ಸಿಲ್‌ನಲ್ಲೂ ಬದಲಿಸಬೇಕು ಎಂಬುದನ್ನು ಮರೆಯುತ್ತಾರೆ. ಅದು ನೆನಪಾಗುವುದು ವೀಸಾ ಸಮಯದಲ್ಲಿ.

ಪ್ರಮಾಣಪತ್ರದಲ್ಲಿ ಆರ್‌ಎನ್, ಆರ್‌ಎಂ ಎಂದು ಎರಡು ಇದೆ. ನನ್ನ ತಂಗಿಯದರಲ್ಲಿ ಬೇರೆ ಇದೆ. ಏನು ವ್ಯತ್ಯಾಸ?
– ಸ್ಟಾಫ್ ನರ್ಸ್, ಗದಗ

ಆರ್‌ಎನ್ ಅಂದರೆ ನೋಂದಾಯಿತ ನರ್ಸ್, ಆರ್‌ಎಂ ಅಂದರೆ ನೋಂದಾಯಿತ ಮಿಡ್‌ವೈಫ್ (ಸೂಲಗಿತ್ತಿ). ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿಎಸ್ಸಿ ಎರಡರಲ್ಲೂ ಹೆರಿಗೆ ವಿಷಯ ಸೇರಿರುವುದರಿಂದ ಎರಡೂ ಒಟ್ಟಿಗೆ ಸಿಗುತ್ತವೆ. ತಂಗಿ ಎರಡು ವರ್ಷದ ಎಎನ್‌ಎಂ, ಅಂದರೆ ಸಹಾಯಕ ನರ್ಸ್ ಮತ್ತು ಮಿಡ್‌ವೈಫ್ ಕೋರ್ಸ್ ಮಾಡಿರಬೇಕು. ಅವರದು ಎಎನ್‌ಎಂಗಳ ಪ್ರತ್ಯೇಕ ವಿಭಾಗ. ನಮ್ಮ ರಾಜ್ಯದ ಸರ್ಕಾರಿ ಸೇವೆಯಲ್ಲಿ ಅವರನ್ನು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ. ಹುದ್ದೆಯ ಹೆಸರು ಬದಲಾದರೂ ರಿಜಿಸ್ಟರ್‌ನ ವಿಭಾಗ ಅದೇ. ಎಂಎಸ್ಸಿ, ಜಿಎನ್‌ಎಂ ಆದವರು ಮುಂದೆ ಓದುವ ಪೋಸ್ಟ್ ಬೇಸಿಕ್ ಬಿಎಸ್ಸಿ ಮುಂತಾದವನ್ನು ಹೆಚ್ಚುವರಿ ಅರ್ಹತೆ ಎಂದು ಬೇರೆಯಾಗಿ ಸೇರಿಸಬೇಕು, ತಾನಾಗಿ ಸೇರುವುದಿಲ್ಲ.

ಅಮ್ಮನಿಗೆ ಪಾರ್ಶ್ವವಾಯು. ಏಜೆನ್ಸಿಯಿಂದ ‘ಹೋಮ್ ನರ್ಸ್’ ಬಂದಿದ್ದಾರೆ. ಅವರು ನಿಜವಾದ ನರ್ಸೇ ಎಂದು ತಿಳಿಯುವುದು ಹೇಗೆ?
– ಗೃಹಿಣಿ, ಮೈಸೂರು

ನೋಂದಣಿ ಸಂಖ್ಯೆ ಕೇಳಿ. ಜೊತೆಗೆ ಯಾವ ರಾಜ್ಯದ ಕೌನ್ಸಿಲ್, ಯಾವ ವಿಭಾಗ ಎಂಬುದನ್ನೂ ಕೇಳಿ, ಏಕೆಂದರೆ ಅದೇ ಸಂಖ್ಯೆ ಬೇರೆ ರಾಜ್ಯದಲ್ಲಿ ಬೇರೆಯವರದಾಗಿರಬಹುದು. ಐಎನ್‌ಸಿ ನಡೆಸುವ ನರ್ಸ್‌ಗಳ ನೋಂದಣಿ ಮತ್ತು ಟ್ರ್ಯಾಕಿಂಗ್ ವ್ಯವಸ್ಥೆಯಲ್ಲಿ ಸೇರಿದವರಿಗೆ ಎನ್‌ಯುಐಡಿ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆಯೂ ಇರುತ್ತದೆ. ಪ್ರಮಾಣಪತ್ರದ ಮೇಲಿನ ಸಿಂಧುತ್ವದ ದಿನಾಂಕ ನೋಡಿ, ಫೋಟೋವನ್ನು ಆಧಾರ್ ಜೊತೆ ಹೋಲಿಸಿ.

ಆರು ತಿಂಗಳ ‘ನರ್ಸಿಂಗ್ ಅಸಿಸ್ಟೆಂಟ್’, ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ತರಬೇತಿ ಪಡೆದವರ ಹೆಸರು ಈ ರಿಜಿಸ್ಟರ್‌ಗೆ ಸೇರುವುದಿಲ್ಲ. ಅವರ ಕೆಲಸ ಸಣ್ಣದೇನೂ ಅಲ್ಲ: ಮೈ ಒರೆಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು. ಪಾರ್ಶ್ವವಾಯು ಆದವರಿಗೆ ಬೆನ್ನಿನ ಹುಣ್ಣು ಬಾರದಂತೆ ಕಾಪಾಡುವುದು ಇದೇ ಆರೈಕೆ. ಆದರೆ ಮೂಗಿನ ಟ್ಯೂಬ್ ಹಾಕುವುದು, ಮೂತ್ರದ ಕ್ಯಾತಿಟರ್ ಬದಲಿಸುವುದು, ಇನ್ಸುಲಿನ್ ಪ್ರಮಾಣ ಏರಿಳಿಸುವುದು, ನರಕ್ಕೆ ಇಂಜೆಕ್ಷನ್ ಕೊಡುವುದು ಅವರ ಕೆಲಸವಲ್ಲ. ಮೂಗಿನ ಟ್ಯೂಬ್ ತಪ್ಪಿ ಶ್ವಾಸನಾಳಕ್ಕೆ ಹೋಗಿ, ಅದನ್ನು ಗುರುತಿಸದೆ ಗಂಜಿ ಬಿಟ್ಟರೆ ಜೀವಕ್ಕೇ ಕುತ್ತು. ಏಜೆನ್ಸಿಯಿಂದ ‘ನೋಂದಾಯಿತ ನರ್ಸ್’ ಅಥವಾ ‘ಆರೈಕೆ ಸಹಾಯಕಿ’ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಹಾಗೆ ಬರೆದುಕೊಡಲು ಹಿಂಜರಿದರೆ ಬೇರೆ ಏಜೆನ್ಸಿ ನೋಡಿ.

ಮಕ್ಕಳಿಗಾಗಿ ಎಂಟು ವರ್ಷ ಕೆಲಸ ಬಿಟ್ಟಿದ್ದೆ. ನವೀಕರಣ ಮಾಡಿಸಿಲ್ಲ. ಈಗ ಏನು ದಾರಿ?
– ಒಬ್ಬ ಓದುಗರು, ಶಿವಮೊಗ್ಗ

ನಿಮ್ಮ ಅರ್ಹತೆ ಎಲ್ಲಿಗೂ ಹೋಗಿಲ್ಲ, ಧೈರ್ಯವಾಗಿರಿ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಐಎನ್‌ಸಿ ನಿಗದಿ ಮಾಡಿರುವುದು ವರ್ಷಕ್ಕೆ 30 ಗಂಟೆಯಂತೆ ಐದು ವರ್ಷದಲ್ಲಿ 150 ಗಂಟೆಗಳ ನಿರಂತರ ನರ್ಸಿಂಗ್ ಶಿಕ್ಷಣ. ಅವಧಿ ಮೀರಿದ್ದಕ್ಕೆ ಕೌನ್ಸಿಲ್‌ನಲ್ಲಿ ದಂಡಶುಲ್ಕ ಕಟ್ಟಿ, ಕೇಳಿದ ಗಂಟೆಗಳನ್ನು ತುಂಬಿಸಿ ನವೀಕರಿಸಿ. ಅದಾಗುವವರೆಗೆ ಡ್ಯೂಟಿಗೆ ಸೇರಬೇಡಿ.

ಗಂಟೆಗಳ ವಿಷಯದಲ್ಲಿ ಮೋಸಹೋಗುವುದು ಸುಲಭ. ಎಲ್ಲ ಕಾರ್ಯಾಗಾರದ ಪ್ರಮಾಣಪತ್ರವೂ ಲೆಕ್ಕಕ್ಕೆ ಬರುವುದಿಲ್ಲ. ಹಣ ಕಟ್ಟುವ ಮೊದಲು ‘ಇದಕ್ಕೆ ರಾಜ್ಯ ಕೌನ್ಸಿಲ್ ಕ್ರೆಡಿಟ್ ಕೊಟ್ಟಿದೆಯೇ, ಎಷ್ಟು’ ಎಂದು ಕೇಳಿ, ಆ ಸಂಖ್ಯೆ ಪ್ರಮಾಣಪತ್ರದ ಮೇಲೆ ಮುದ್ರಿತವಾಗಿದೆಯೇ ನೋಡಿ. ಐದನೇ ವರ್ಷದ ಕೊನೆಯಲ್ಲಿ 150 ಗಂಟೆ ಒಟ್ಟುಮಾಡಲು ಓಡಾಡುವವರೇ ‘ಹಣ ಕಳಿಸಿ, ಪ್ರಮಾಣಪತ್ರ ಬರುತ್ತದೆ’ ಎನ್ನುವವರ ಕೈಗೆ ಸಿಕ್ಕಿಬೀಳುವುದು.

ಒಂದು ಕೊರತೆಯನ್ನು ಇಲ್ಲೇ ಹೇಳಬೇಕು. ನಮ್ಮ ನವೀಕರಣದಲ್ಲಿ ತರಗತಿಯ ಗಂಟೆ ಕೇಳುತ್ತಾರೆ, ವಾರ್ಡಿನಲ್ಲಿ ಕೆಲಸ ಮಾಡಿದ ಗಂಟೆ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮರುಪರಿಶೀಲನೆಗೆ 35 ಗಂಟೆಯ ಕಲಿಕೆಯ ಜೊತೆ 450 ಗಂಟೆಯ ವೃತ್ತಿ ಅನುಭವ ತೋರಿಸಬೇಕು. ನರ್ಸ್ ಮತ್ತು ಮಿಡ್‌ವೈಫ್ ಎರಡೂ ಆಗಿರುವವರು 900 ಗಂಟೆ. ಅಲ್ಲಿನ ಕ್ರಮವೇ ಸರಿ ಎಂದು ನಮಗೆ ಅನ್ನಿಸುತ್ತದೆ. ಆದ್ದರಿಂದ ಕಾಗದ ಸರಿಯಾದ ಮೇಲೂ ಕೆಲವು ವಾರ ಹಿರಿಯ ನರ್ಸ್ ಜೊತೆಗಿರುವ ಶಿಫ್ಟುಗಳನ್ನೇ ಕೇಳಿ ಪಡೆಯಿರಿ. ಇನ್ಫ್ಯೂಷನ್ ಪಂಪ್ ಹೊಸದಾಗಿರುತ್ತದೆ, ಔಷಧಿ ಪಟ್ಟಿ ಬದಲಾಗಿರುತ್ತದೆ. ಜೀವರಕ್ಷಕ ತರಬೇತಿಯನ್ನೂ ಮತ್ತೆ ಮಾಡಿ: ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳ, 30 ಒತ್ತಿಗೆ 2 ಉಸಿರು. ಓದಿ ನೆನಪಿಟ್ಟರೆ ಸಾಲದು, ಕೈಗೆ ಅಭ್ಯಾಸವಾಗಬೇಕು.

ಮಗಳನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಬೇಕು. ‘ನಮಗೆ ಐಎನ್‌ಸಿ ಬೇಕಿಲ್ಲ, ರಾಜ್ಯದ ಅನುಮತಿ ಸಾಕು’ ಎಂದರು. ನಂಬಬಹುದೇ?
– ರೈತ, ರಾಯಚೂರು

ಇದು ನಮ್ಮ ರಾಜ್ಯದಲ್ಲಿ ಕೋರ್ಟಿನವರೆಗೂ ಹೋದ ವಿಷಯ. ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ಐಎನ್‌ಸಿಗೆ ಇಲ್ಲ ಎಂದು ಕರ್ನಾಟಕ ಹೈಕೋರ್ಟ್ 2017ರಲ್ಲಿ ಹೇಳಿತು. 1947ರ ಕಾಯ್ದೆಯ 10ನೇ ಸೆಕ್ಷನ್ ಮಾತಾಡುವುದು ಅರ್ಹತೆಗೆ ಮಾನ್ಯತೆ ಕೊಡುವ ಬಗ್ಗೆ. ಹಾಗಾಗಿ ಕಾಲೇಜಿನವರ ಮಾತು ಪೂರಾ ಸುಳ್ಳಲ್ಲ.

ಆದರೆ ಮಗಳು ನಾಳೆ ಕೆಲಸ ಮಾಡುವುದು ಕರ್ನಾಟಕದಲ್ಲೇ ಎಂದು ಯಾರು ಹೇಳಬಲ್ಲರು? ಬೇರೆ ರಾಜ್ಯದ ಕೌನ್ಸಿಲ್‌ನಲ್ಲೋ, ಹೊರದೇಶದಲ್ಲೋ ಐಎನ್‌ಸಿ ಪಟ್ಟಿಯಲ್ಲಿ ಕಾಲೇಜಿನ ಹೆಸರಿದೆಯೇ ಎಂದು ಕೇಳಿದರೆ ಅಲ್ಲಿ ನಿಂತು ಕೋರ್ಟಿನ ತೀರ್ಪು ಓದಿಹೇಳುವುದು ಅವಳಿಂದಾಗದು. ಸೀಟಿಗೆ ಹಣ ಕಟ್ಟುವ ಮೊದಲು ನಾಲ್ಕು ಕಾಗದ ನೋಡಿ: ಸರ್ಕಾರದ ಅನುಮತಿ ಆದೇಶ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಅನುಮತಿ, ವಿಶ್ವವಿದ್ಯಾಲಯ ಅಥವಾ ಪರೀಕ್ಷಾ ಮಂಡಳಿಯ ಸಂಯೋಜನೆ, ಐಎನ್‌ಸಿಯ ಪಟ್ಟಿ. ಪ್ರತಿಯೊಂದರಲ್ಲೂ ಯಾವ ಕೋರ್ಸ್, ಎಷ್ಟು ಸೀಟು, ಯಾವ ಶೈಕ್ಷಣಿಕ ವರ್ಷ ಎಂಬುದನ್ನು ಬೆರಳಿಟ್ಟು ಓದಿ. ಜಿಎನ್‌ಎಂಗೆ ಇರುವ ಅನುಮತಿಯನ್ನು ತೋರಿಸಿ ಬಿಎಸ್ಸಿಗೆ ಸೇರಿಸಿಕೊಳ್ಳುವುದು, 40 ಸೀಟಿನ ಅನುಮತಿಯಲ್ಲಿ 60 ಮಕ್ಕಳನ್ನು ತುಂಬುವುದು ಇಲ್ಲೇ ಬಯಲಾಗುವುದು. ಹೆಚ್ಚುವರಿ ಸೀಟಿನಲ್ಲಿ ಸೇರಿದ ಮಕ್ಕಳ ಹೆಸರು ನೋಂದಣಿಯ ಹೊತ್ತಿಗೆ ಕೈಬಿಟ್ಟುಹೋಗುತ್ತದೆ, ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿರುತ್ತದೆ.

ಪಾಠ ಕಲಿಯುವ ಆಸ್ಪತ್ರೆಯನ್ನೂ ಹೋಗಿ ನೋಡಿ. ಬೆಳಗ್ಗೆ ಹತ್ತರ ಹೊತ್ತಿಗೆ ವಾರ್ಡಿನ ಹಾಸಿಗೆಯಲ್ಲಿ ರೋಗಿಗಳಿದ್ದಾರೆಯೇ, ಹೆರಿಗೆ ಕೋಣೆ ನಡೆಯುತ್ತಿದೆಯೇ? ಹೆರಿಗೆಯೇ ಆಗದ ಆಸ್ಪತ್ರೆಯಲ್ಲಿ ಕಲಿತವರ ಕೇಸ್ ಬುಕ್ ಹೇಗೆ ತುಂಬುತ್ತದೆ ಎಂಬುದು ಯೋಚಿಸಬೇಕಾದ ವಿಷಯ.

ಕರ್ನಾಟಕದಲ್ಲಿ ನೋಂದಣಿ ಇದೆ. ಗಂಡನಿಗೆ ಪುಣೆಗೆ ವರ್ಗವಾಗಿದೆ. ಅಲ್ಲಿ ಮತ್ತೆ ನೋಂದಣಿ ಬೇಕೇ?
– ನರ್ಸಿಂಗ್ ಆಫೀಸರ್, ಬೆಳಗಾವಿ

ಬೇಕು, ಮಹಾರಾಷ್ಟ್ರ ಕೌನ್ಸಿಲ್‌ನಲ್ಲಿ. ಮಾನ್ಯ ಅರ್ಹತೆ ಯಾವ ರಾಜ್ಯದ ರಿಜಿಸ್ಟರ್‌ಗೆ ಸೇರಲೂ ಸಾಕು ಎಂದು ಕೇಂದ್ರ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ, ಆದ್ದರಿಂದ ಮತ್ತೆ ಪರೀಕ್ಷೆ ಬರೆಯಬೇಕಿಲ್ಲ. ಇಲ್ಲಿನ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರಕ್ಕೆ ಅರ್ಜಿ ಹಾಕಿ. ಅದಕ್ಕೂ ಮುನ್ನ ಇಲ್ಲಿನ ನೋಂದಣಿ ಚಾಲ್ತಿಯಲ್ಲಿರಬೇಕು. ಅವಧಿ ಮುಗಿದ ನೋಂದಣಿಗೆ ಆ ಪತ್ರ ಸಿಗದು, ಆಗ ಎರಡು ಕೆಲಸ ಒಂದರ ಹಿಂದೊಂದು ಬಿದ್ದು ತಿಂಗಳುಗಟ್ಟಲೆ ಹಿಡಿಯುತ್ತದೆ. ವರ್ಗಾವಣೆಯ ಸುದ್ದಿ ಬಂದ ದಿನವೇ ಶುರುಮಾಡಿ.

ನಾನು ಎಎನ್‌ಎಂ. ಉಪಕೇಂದ್ರದಲ್ಲಿ ಗರ್ಭಿಣಿಗೆ ಫಿಟ್ಸ್ ಬಂದರೆ ಮೆಗ್ನೀಸಿಯಂ ಸಲ್ಫೇಟ್ ಕೊಡಬಹುದೇ? ಡಾಕ್ಟರ್ ಇಲ್ಲದಾಗ ಕೊಟ್ಟರೆ ನನ್ನ ನೋಂದಣಿಗೆ ಕುತ್ತು ಬರುತ್ತದೆಯೇ?
– ಆರೋಗ್ಯ ಸುರಕ್ಷಾಧಿಕಾರಿ, ಚಾಮರಾಜನಗರ

ಕೊಡಬಹುದು. ಕೊಡದಿದ್ದರೇ ತಪ್ಪು. ಹೆರಿಗೆ ಕೌಶಲ ತರಬೇತಿ ಪಡೆದ ಎಎನ್‌ಎಂ ಮತ್ತು ಸ್ಟಾಫ್ ನರ್ಸ್‌ಗಳಿಗೆ, ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಡೋಸ್ ಕೊಡಲು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಅನುಮತಿ ಕೊಟ್ಟಿದೆ. ಶೇಕಡ 50ರ ದ್ರಾವಣದಲ್ಲಿ ಒಟ್ಟು 10 ಗ್ರಾಂ: ಒಂದೊಂದು ಪೃಷ್ಠಕ್ಕೆ 5 ಗ್ರಾಂನಂತೆ, ಸ್ನಾಯುವಿನ ಆಳಕ್ಕೆ. 2 ಮಿಲಿಯ ಆಂಪೂಲ್‌ನಲ್ಲಿ 1 ಗ್ರಾಂ ಇರುವುದರಿಂದ ಒಂದು ಕಡೆಗೆ ಐದು ಆಂಪೂಲ್, ಒಟ್ಟು ಹತ್ತು. ಗಾಬರಿಯಲ್ಲಿ ಐದಕ್ಕೇ ನಿಲ್ಲಿಸಿದರೆ ಅರ್ಧ ಡೋಸ್ ಮಾತ್ರ ಹೋಗಿರುತ್ತದೆ. ಇದು ಮೊದಲ ಡೋಸ್‌ಗಷ್ಟೇ ಅನುಮತಿ. ಮುಂದಿನ ಡೋಸ್ ಆಸ್ಪತ್ರೆಯ ಕೆಲಸ.

ಗರ್ಭಕೋಶ ಸಂಕುಚಿಸುವಂತೆ ಮಾಡುವ ಆಕ್ಸಿಟೋಸಿನ್ ವಿಷಯದಲ್ಲಿ ಗೆರೆ ಇನ್ನೂ ಸ್ಪಷ್ಟ. ಮಗು ಹುಟ್ಟಿದ ಮೇಲೆ, ಹೊಟ್ಟೆಯಲ್ಲಿ ಇನ್ನೊಂದು ಮಗುವಿಲ್ಲ ಎಂದು ಖಚಿತಪಡಿಸಿಕೊಂಡು 10 ಯೂನಿಟ್ ಸ್ನಾಯುವಿಗೆ ಕೊಡುವುದು ನಿಮ್ಮ ಕರ್ತವ್ಯ, ರಕ್ತಸ್ರಾವ ತಡೆಯುವುದು ಅದೇ. ನೋವು ಬೇಗ ಬರಲಿ ಎಂದು ಮಗು ಹುಟ್ಟುವ ಮೊದಲೇ ಕೊಡುವುದು ನಿಮ್ಮ ವ್ಯಾಪ್ತಿಯಲ್ಲಿಲ್ಲ. ಮನೆಯವರು ಎಷ್ಟೇ ಅವಸರ ಮಾಡಿದರೂ ಒಪ್ಪಬೇಡಿ. ಗರ್ಭಕೋಶ ಒಡೆದು ತಾಯಿ ಮಗು ಇಬ್ಬರೂ ಹೋಗುವುದುಂಟು.

ಏನೇ ಕೊಟ್ಟರೂ ಸಮಯ, ಡೋಸ್, ಮಾರ್ಗ, ಆ ಹೊತ್ತಿನ ರಕ್ತದೊತ್ತಡ ಮತ್ತು ಯಾರಿಗೆ ಫೋನ್ ಮಾಡಿದಿರಿ ಎಂಬುದನ್ನು ಕೂಡಲೇ ರೆಫರಲ್ ಚೀಟಿಯಲ್ಲಿ ಬರೆಯಿರಿ. ಮಾರ್ಗಸೂಚಿಯೊಳಗೆ ಮಾಡಿ ಬರೆದಿಟ್ಟ ಕೆಲಸ ವಿಚಾರಣೆಯಲ್ಲಿ ನಿಮ್ಮ ಪರ ನಿಲ್ಲುತ್ತದೆ. ಮಾಡಿದ್ದನ್ನು ಬರೆಯದಿದ್ದರೆ ಮಾಡಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ನರ್ಸ್ ತಪ್ಪಿನಿಂದ ತಂದೆಗೆ ತೊಂದರೆಯಾಯಿತು. ದೂರು ಎಲ್ಲಿ ಕೊಡಬೇಕು?
– ಶಿಕ್ಷಕ, ತುಮಕೂರು

ನಿಮಗೆ ಏನು ಬೇಕು ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ. ನರ್ಸ್‌ನ ವೃತ್ತಿ ನಡವಳಿಕೆಯ ವಿಚಾರಣೆ ಆಗಬೇಕೆಂದರೆ ರಾಜ್ಯ ನರ್ಸಿಂಗ್ ಕೌನ್ಸಿಲ್. ಅದು ನೋಟಿಸ್ ಕೊಟ್ಟು, ಎರಡೂ ಕಡೆಯ ಮಾತು ಕೇಳಿ, ತಪ್ಪು ಸಾಬೀತಾದರೆ ರಿಜಿಸ್ಟರ್‌ನಿಂದ ಹೆಸರು ತೆಗೆಯಬಲ್ಲದು. ಅದು ಪರಿಹಾರದ ಹಣ ಕೊಡಿಸುವ ಜಾಗವಲ್ಲ. ಹಣದ ಪರಿಹಾರಕ್ಕೆ ಗ್ರಾಹಕ ಆಯೋಗ, ಘಟನೆಯಾದ ಎರಡು ವರ್ಷದೊಳಗೆ. ಆಸ್ಪತ್ರೆಯೇ ಅರ್ಹತೆಯಿಲ್ಲದವರನ್ನು ಇಟ್ಟುಕೊಂಡಿದೆ ಎಂಬ ದೂರಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ.

ಮೊದಲ ಕೆಲಸ ದಾಖಲೆ ಪಡೆಯುವುದು. ಕೇಸ್ ಶೀಟಿನ ಪ್ರತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ವೈದ್ಯರ ನೀತಿ ಸಂಹಿತೆ ಪ್ರಕಾರ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಡಿಸ್ಚಾರ್ಜ್ ಸಮರಿ ಮಾತ್ರ ಸಾಲದು. ಔಷಧಿ ಚಾರ್ಟ್ ಮತ್ತು ನರ್ಸ್‌ಗಳ ಟಿಪ್ಪಣಿ ಎಂದು ಹೆಸರಿಸಿ ಕೇಳಿ, ಯಾವ ಹೊತ್ತಿಗೆ ಯಾರು ಏನು ಕೊಟ್ಟರು ಎಂಬುದು ಇರುವುದು ಅಲ್ಲಿ. ಅದನ್ನು ಓದಿದಾಗ ತಪ್ಪು ನರ್ಸ್‌ದಲ್ಲ, ಮೂವತ್ತು ರೋಗಿಗಳಿಗೆ ಒಬ್ಬರನ್ನೇ ನಿಲ್ಲಿಸಿದ ಆಡಳಿತದ್ದು ಎಂದು ಕಾಣುವುದೂ ಇದೆ. ಆಗ ದೂರು ಆಸ್ಪತ್ರೆಯ ಮೇಲೆ ಹೋಗಬೇಕು.

ನರ್ಸ್‌ಗಳು ತಿಳಿದಿರಬೇಕಾದ ಇನ್ನೊಂದು ಮಾತು. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್‌ನಲ್ಲಿ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಶಿಕ್ಷೆ; ಚಿಕಿತ್ಸೆ ನೀಡುವಾಗ ಆದರೆ ನೋಂದಾಯಿತ ವೈದ್ಯರಿಗೆ ಅದು ಎರಡು ವರ್ಷದವರೆಗೆ ಮಾತ್ರ. ಆ ರಿಯಾಯಿತಿಯ ವ್ಯಾಖ್ಯೆಯಲ್ಲಿ ನರ್ಸ್ ಇಲ್ಲ. ವೈದ್ಯರ ಮಾತಿನಂತೆ ಔಷಧಿ ಕೊಡುವವರಿಗೆ ಹೆಚ್ಚಿನ ಶಿಕ್ಷೆಯ ಭಯ ಇರುವುದು ಸರಿಯಲ್ಲ, ಇದು ತಿದ್ದುಪಡಿಯಾಗಬೇಕು.

ಬ್ರಿಟನ್ನಿಗೆ ಮಿಡ್‌ವೈಫ್ ಆಗಿ ಹೋಗಬೇಕೆಂದಿದ್ದೇನೆ. ಆರ್‌ಎನ್, ಆರ್‌ಎಂ ಎರಡೂ ಇದೆ.
– ಸ್ಟಾಫ್ ನರ್ಸ್, ಉಡುಪಿ

ಅಲ್ಲಿನ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ವಿಭಾಗ ಬೇರೆ ಬೇರೆ, ಪರೀಕ್ಷೆಯೂ ಬೇರೆ ಬೇರೆ. ನಮ್ಮ ಆರ್‌ಎಂ ಇದೆಯೆಂದು ಅಲ್ಲಿ ತಾನಾಗಿ ಮಿಡ್‌ವೈಫ್ ಆಗುವುದಿಲ್ಲ. ಇಲ್ಲಿಂದ ಹೋಗುವ ಹೆಚ್ಚಿನವರು ವಯಸ್ಕರ ನರ್ಸಿಂಗ್ ವಿಭಾಗಕ್ಕೆ ಸೇರುತ್ತಾರೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳುವಿಕೆ, ಮಾತಿಗೆ ತಲಾ 7, ಬರವಣಿಗೆಗೆ 6.5 ಬೇಕು. ಆಮೇಲೆ ಕಂಪ್ಯೂಟರ್ ಪರೀಕ್ಷೆ, ಕೊನೆಗೆ ಅಲ್ಲಿಗೇ ಹೋಗಿ ಕೊಡುವ ಪ್ರಾಯೋಗಿಕ ಪರೀಕ್ಷೆ ‘ಓಸ್ಕಿ’. ನಿಮ್ಮ ಬಗ್ಗೆ ದೃಢೀಕರಣ ಇಲ್ಲಿನ ಕೌನ್ಸಿಲ್‌ನಿಂದ ಅಲ್ಲಿಗೆ ನೇರವಾಗಿ ಹೋಗಬೇಕು, ಏಜೆಂಟ್ ಕೈಯಲ್ಲಿ ಕೊಟ್ಟ ಲಕೋಟೆ ನಡೆಯುವುದಿಲ್ಲ.

ಹೆರಿಗೆಯ ಕೆಲಸದಲ್ಲೇ ಮುಂದುವರಿಯುವ ಆಸೆಯಿದ್ದರೆ ನಮ್ಮಲ್ಲೇ ನರ್ಸ್ ಪ್ರಾಕ್ಟಿಷನರ್ ಇನ್ ಮಿಡ್‌ವೈಫರಿ ಎಂಬ 18 ತಿಂಗಳ ಕೋರ್ಸ್ ಇದೆ, 2018ರ ಕೇಂದ್ರ ಮಾರ್ಗಸೂಚಿಯಿಂದ ಬಂದದ್ದು. ಜಿಎನ್‌ಎಂ, ಬಿಎಸ್ಸಿ ಇಬ್ಬರೂ ಸೇರಬಹುದು.

2023ರಲ್ಲಿ ಹೊಸ ಕಾಯ್ದೆ ಬಂತಲ್ಲ, ಈಗಿನ ನೋಂದಣಿ ಹೋಗುತ್ತದೆಯೇ?
– ನರ್ಸಿಂಗ್ ವಿದ್ಯಾರ್ಥಿ, ಕಲಬುರಗಿ

ಹೋಗುವುದಿಲ್ಲ. ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ 1947ರ ಕಾಯ್ದೆಯ ಜಾಗಕ್ಕೆ ಬಂದಿರುವಂಥದ್ದು. ಕೇಂದ್ರದಲ್ಲಿ ಒಂದು ಆಯೋಗ, ರಾಜ್ಯಗಳಲ್ಲಿ ರಾಜ್ಯ ಆಯೋಗ; ಶಿಕ್ಷಣಕ್ಕೆ, ಕಾಲೇಜುಗಳ ಮೌಲ್ಯಮಾಪನಕ್ಕೆ, ನೀತಿ ಮತ್ತು ನೋಂದಣಿಗೆ ಪ್ರತ್ಯೇಕ ಮಂಡಳಿಗಳು. ರಾಷ್ಟ್ರೀಯ ಮತ್ತು ರಾಜ್ಯ ರಿಜಿಸ್ಟರ್ ಎರಡೂ ಇರುತ್ತವೆ. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೊಸ ಆಯೋಗಗಳು ಕೆಲಸ ವಹಿಸಿಕೊಳ್ಳುವವರೆಗೆ ಈಗಿನ ಕೌನ್ಸಿಲ್‌ಗಳೇ ನಡೆಸುತ್ತವೆ. ನಿಮ್ಮ ನೋಂದಣಿಯಲ್ಲಿ ಮೊಬೈಲ್ ಸಂಖ್ಯೆ, ವಿಳಾಸ, ಹೊಸ ಅರ್ಹತೆ ಸರಿಯಾಗಿವೆಯೇ ಎಂದು ಈಗಲೇ ನೋಡಿಕೊಳ್ಳಿ. ಹಳೆಯ ಕಾಲೇಜಿನ ಹಾಸ್ಟೆಲ್ ವಿಳಾಸವೇ ಉಳಿದಿದ್ದರೆ ಕೌನ್ಸಿಲ್ ಕಳಿಸಿದ ನೋಟಿಸ್ ಅಲ್ಲಿಗೇ ಹೋಗುತ್ತದೆ.